ಮೂರಕ್ಷರದ ಹೆಸರು

ವೇದಿಕೆಯ ಮೇಲಿದ್ದವನು ಮತ್ತೊಮ್ಮೆ ಆ ಹೆಸರು ಹೇಳಿದಾಗ ದ್ರಾಹಾ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮೊಣಕೈ ಮುಟ್ಟಿದಳು.

"ಈಗ ಬೇಮ್ ಅಂದ್ರಲ್ಲ, ಅದಕ್ಕೆ ಮುಂಚೆ ಏನಂದ್ರು? ನಂಗೆ ಸರಿಯಾಗಿ ಕೇಳಿಸ್ಲಿಲ್ಲ."

ಹುಡುಗಿ ಅವಳ ಕಿವಿಯ ಹತ್ತಿರ ಬಗ್ಗಿದಳು. "ಮುಂಚೆ ಏನೂ ಅನ್ಲಿಲ್ಲ. ಬೇಮ್ ವಿಧಾನದಲ್ಲಿ ಲೆಕ್ಕ ಹಾಕಿದ್ವಿ ಅಂದ್ರು, ಅಷ್ಟೆ."

"ಬರೀ ಬೇಮ್?"

"ಹೂಂ. ಬರೀ ಬೇಮ್."

ದ್ರಾಹಾ ಕೈ ಹಿಂತೆಗೆದು ಮಡಿಲಲ್ಲಿದ್ದ ತಗಡಿನ ಡಬ್ಬಿಯ ಮೇಲೆ ಇಟ್ಟುಕೊಂಡಳು. ಡಬ್ಬಿಯೊಳಗೆ ಗಸಗಸೆ ತುಂಬಿದ ಸಿಹಿ ಬನ್ನುಗಳಿದ್ದವು. ಹಿಂದಿನ ದಿನ ಲೋಕೆತ್ ಊರಿನ ತನ್ನ ಮನೆಯಲ್ಲಿ ಮಾಡಿ, ಬೆಳಗಿನ ಮೊದಲ ಬಸ್ಸಿನಲ್ಲಿ ಪ್ರಾಗಿಗೆ ಹೊತ್ತು ತಂದಿದ್ದಳು. ಪುಡಿಯ ಮೇಲೆ ಎಕ್ಸ್-ರೇ ಹಾಯಿಸಿ ಅದರೊಳಗೆ ಏನೇನು ಎಷ್ಟೆಷ್ಟಿದೆ ಎಂದು ಕಂಡುಹಿಡಿಯುವವರ ಸಮ್ಮೇಳನ ಅದು. ಎಲ್ಲೆಲ್ಲಿಂದಲೋ ಬಂದಿದ್ದರು. ಎತ್ತರಕ್ಕೆ ಏರುತ್ತ ಹೋಗಿದ್ದ ಬೆಂಚುಗಳ ತುಂಬ ಜನ, ಎಲ್ಲರ ಕೊರಳಲ್ಲೂ ಹೆಸರಿನ ಬಿಲ್ಲೆ. ದ್ರಾಹಾಳ ಕೊರಳಲ್ಲೂ ಒಂದಿತ್ತು. ಬಾಗಿಲಲ್ಲಿ ಅದನ್ನು ಕೊಟ್ಟಾಗ ಬೇರೆ ಯಾರದೋ ಇರಬೇಕೆಂದು ಅವಳು ವಾಪಸ್ಸು ಕೊಡಲು ಹೋಗಿದ್ದಳು. ಅವಳ ಮನೆತನದ ಹೆಸರಿನಲ್ಲಿ ಎರಡು ಕಡೆ ಅಕ್ಷರದ ತಲೆಯ ಮೇಲೆ ಪುಟ್ಟ ಕೊಕ್ಕೆ ಇರಬೇಕು. ಬಿಲ್ಲೆಯಲ್ಲಿ ಎರಡೂ ಬಿದ್ದುಹೋಗಿದ್ದವು. ರ್ಝೆರ್ಝಿಖಾ ಮನೆತನದ ಹೆಣ್ಣು ರ್ಝೆರ್ಝಿಖೋವಾ ಆಗಬೇಕು; ಕೊಕ್ಕೆ ಇಲ್ಲದೆ ಓದಿದರೆ ರೆರಿಖೋವಾ ಎಂದಾಗುತ್ತಿತ್ತು. ಅಂಥ ಹೆಸರಿನವರು ಆ ದೇಶದಲ್ಲಿ ಯಾರೂ ಇರಲಾರರು.

ಮೊದಲ ಭಾಷಣಗಳು ಮುಗಿದು ಕಾಫಿಗೆ ಬಿಟ್ಟಾಗ ಹುಡುಗಿ ಎರಡು ಲೋಟ ಕಾಫಿ ಹಿಡಿದು ಬಂದಳು. ಯಿತ್ಕಾ ಎಂದು ಅವಳ ಹೆಸರು. ಪ್ರೊಫೆಸರ್ ಬೇಮ್ ಅವರ ಹಳೆಯ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಇಂಗ್ಲಿಷ್ ಬಾರದ ದ್ರಾಹಾಳಿಗೆ ಎಲ್ಲವನ್ನೂ ಚೆಕ್ ಭಾಷೆಯಲ್ಲಿ ಹೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು.

"ನನ್ನ ಬಗ್ಗೆ ನಿಂಗೆ ಏನಂತ ಹೇಳಿದಾರೆ ಪ್ರೊಫೆಸರು?"

"ಬೇಕಾದವರು, ಚೆನ್ನಾಗಿ ನೋಡ್ಕೋ ಅಂದ್ರು. ಸಂಬಂಧಿಕರಾ ನೀವು?"

"ಸಂಬಂಧ ಅಂತೇನಿಲ್ಲ." ದ್ರಾಹಾ ಕಾಫಿ ಕುಡಿದಳು. ಆಮೇಲೆ ಮಾತು ತೇಲಿಸಿದವಳಂತೆ ಕೇಳಿದಳು, "ಆ ವಿಧಾನಕ್ಕೆ ರ್ಝೆರ್ಝಿಖಾ–ಬೇಮ್ ಅಂತಲ್ವಾ ಹೆಸರು?"

ಹುಡುಗಿ ಅವಳ ಬಿಲ್ಲೆ ನೋಡಿ ನಕ್ಕಳು. "ಓಹೋ, ನಿಮ್ಮ ಹೆಸರನ್ನೂ ಸೇರಿಸಿಬಿಟ್ರಾ? ಸೇರಿಸಿ ಸೇರಿಸಿ. ನಮ್ಮ ಪ್ರೊಫೆಸರೇನೂ ಬೇಜಾರು ಮಾಡ್ಕೊಳಲ್ಲ."

ಗೇಲಿಯ ನಗುವಲ್ಲ, ಸಲಿಗೆಯ ನಗು. ಮುದುಕಿ ತಮಾಷೆ ಮಾಡಿದಳೆಂದೇ ಹುಡುಗಿ ತಿಳಿದಿದ್ದಳು. ದ್ರಾಹಾಳೂ ಸ್ವಲ್ಪ ನಕ್ಕಳು.

"ಹಂಗಾದ್ರೆ ನೀವೆಲ್ಲ ಏನಂತೀರಿ ಅದಕ್ಕೆ?"

"ಅನ್ನೋದೇನು, ಒತ್ತೋದಷ್ಟೆ." ಯಿತ್ಕಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡು ತೆರೆದಳು. ಪರದೆಯ ಒಂದು ಮಗ್ಗುಲಿಗೆ ಸಾಲಾಗಿ ಪುಟ್ಟ ಗುಂಡಿಗಳಿದ್ದವು. ಒಂದರ ಮೇಲೆ ಬೆರಳಿಟ್ಟಳು. ಇಂಗ್ಲಿಷಿನ ಮೂರು ಅಕ್ಷರ, ಬಿ, ಇ, ಎಮ್. "ನಾನು ದಿನಾ ಒತ್ತತೀನಿ ಇದನ್ನ. ಪ್ರೊಫೆಸರೇ ಬರೆದ ಪ್ರೋಗ್ರಾಮು. ಆಗ ರಟ್ಟಿನ ಕಾರ್ಡಿಗೆ ತೂತು ಹಾಕಿ ಕಂಪ್ಯೂಟರಿಗೆ ಉಣಿಸೋ ಕಾಲ ಅಂತೆ. ಯಾವ ಆಜ್ಞೆ ಆದ್ರೂ ಮೂರೇ ಅಕ್ಷರದಲ್ಲಿ ಮುಗೀಬೇಕಿತ್ತಂತೆ. ಆಮೇಲೆ ಪ್ರಪಂಚದವರೆಲ್ಲ ಅದನ್ನೇ ಇಳಿಸ್ಕೊಂಡ್ರು, ಅದೇ ಹೆಸರು ಉಳೀತು."

"ಮೂರೇ ಅಕ್ಷರ."

"ಹೂಂ, ಮೂರೇ."

ಗಂಟೆ ಬಾರಿಸಿತು. ಜನ ಲೋಟಗಳನ್ನಿಟ್ಟು ಒಳಗೆ ನಡೆದರು. ದ್ರಾಹಾ ಆ ಗುಂಡಿಯನ್ನು ಇನ್ನೊಂದು ಗಳಿಗೆ ನೋಡಬೇಕೆಂದುಕೊಂಡಳು. ಆದರೆ ಯಿತ್ಕಾ ಅಷ್ಟರಲ್ಲಿ ಮುಚ್ಚಿಬಿಟ್ಟಿದ್ದಳು.

ದ್ರಾಹಾಳ ತಮ್ಮ ಲುಬೋರ್ ತೀರಿಕೊಂಡು ಕಾಲು ಶತಮಾನ ಕಳೆದಿತ್ತು. ತಮ್ಮ ಎಂದರೂ ಸಾಕಿದ ಮಗನೇ. ತಾಯಿ ಹೋದಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ದ್ರಾಹಾ ಆಗಷ್ಟೇ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳ ಮೇಲೆ ನೀಲಿ ಹೂಬಳ್ಳಿ ಬಿಡಿಸುವ ಕೆಲಸಕ್ಕೆ ಕೂತಿದ್ದಳು. ತಂದೆ ಅದೇ ಕಾರ್ಖಾನೆಯ ಭಟ್ಟಿಯಲ್ಲಿದ್ದರು, ಮನೆಗೆ ಬಂದರೆ ಮಾತಿಲ್ಲ ಕತೆಯಿಲ್ಲ. ಹುಡುಗನಿಗೆ ಉಣಿಸುವುದು, ಉಡಿಸುವುದು, ಜ್ವರ ಬಂದರೆ ಹಣೆ ಮುಟ್ಟಿ ನೋಡುವುದು ಎಲ್ಲ ಅವಳದೇ. ಮದುವೆಯ ಮಾತು ಒಂದೆರಡು ಸಲ ಮನೆಯೊಳಗೆ ಬಂದು, ಕೂತು, ಎದ್ದುಹೋಯಿತು.

ಹುಡುಗನಿಗೆ ತನ್ನ ಹೆಸರೇ ಹೇಳಲು ಬರುತ್ತಿರಲಿಲ್ಲ. ರ ಮತ್ತು ಝ ಎರಡನ್ನೂ ಒಂದೇ ಉಸಿರಲ್ಲಿ, ನಾಲಿಗೆಯ ತುದಿ ನಡುಗಿಸಿ ಹೇಳಬೇಕಾದ ಸದ್ದು ಅದು. ಆ ಹೆಸರಿನಲ್ಲಿ ಅದು ಎರಡು ಸಲ ಬರುತ್ತಿತ್ತು. "ಜೆಜಿಖಾ" ಎನ್ನುತ್ತಿದ್ದ. ಶಾಲೆಯಲ್ಲಿ ಹುಡುಗರು ಅದನ್ನೇ ಹಿಡಿದುಕೊಂಡು ಕಾಡಿದರು. ದ್ರಾಹಾ ಸಂಜೆ ಒಲೆಯ ಮುಂದೆ ಕೂರಿಸಿಕೊಂಡು, ಅವನ ಗದ್ದ ಹಿಡಿದು, ತನ್ನ ಬಾಯಿ ತೋರಿಸಿ ತೋರಿಸಿ ಹೇಳಿಕೊಟ್ಟಳು. ಏಳು ತುಂಬುವ ಹೊತ್ತಿಗೆ ನಾಲಿಗೆ ಹೊರಳಿತು. ಅವತ್ತು ಬೀದಿಯುದ್ದಕ್ಕೂ ಓಡಿ, ಕಂಡ ಕಂಡ ಮನೆಯ ಕಿಟಕಿಗೆ ತನ್ನ ಹೆಸರು ಕೂಗಿ ಬಂದಿದ್ದ.

ದೊಡ್ಡವನಾಗಿ ಪ್ರಾಗಿನಲ್ಲಿ ಓದಿ, ಬೇಮ್ ಅವರ ಕೈಕೆಳಗೆ ಸಂಶೋಧನೆಗೆ ಸೇರಿದ. ಒಂದು ಚಳಿಗಾಲ ನೆಗಡಿ ಹಿಡಿದು ಊರಿಗೆ ಬಂದವನು ಅಡುಗೆಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ದ್ರಾಹಾ ಕೆಲಸದಿಂದ ಬಂದು ಏಪ್ರನ್ ಕೊಡವಿದಾಗ ಪಿಂಗಾಣಿ ಮಣ್ಣಿನ ಬಿಳಿ ಪುಡಿ ಮೇಜಿನ ಮೇಲೆ ಉದುರಿತು. ಅವನು ಅದನ್ನು ಬೆರಳಲ್ಲಿ ಸವರಿ ನೋಡಿದ.

"ಅಕ್ಕಾ, ಈ ಮಣ್ಣಿನ ಕಣಗಳು ಮಹಾ ಸೋಮಾರಿಗಳು. ಇಸ್ಪೀಟ್ ಎಲೆ ಥರ ಚಪ್ಪಟೆ. ಎಲ್ಲಿ ಉದುರಿಸಿದ್ರೂ ಅಂಗಾತ ಮಲಗಿಬಿಡ್ತವೆ."

"ನಿನ್ನ ಹಾಗೇ ಅನ್ನು."

"ನನ್ನ ಹಾಗೇನೇ. ಎಕ್ಸ್-ರೇಗೆ ಬರೀ ಹೊಟ್ಟೆ ಕಾಣತ್ತೆ, ಪಕ್ಕೆ ಕಾಣಲ್ಲ. ಅದಕ್ಕೇ ಲೆಕ್ಕ ಎಲ್ಲ ತಪ್ಪು ಬರತ್ತೆ. ಪ್ರಪಂಚದಲ್ಲಿ ಎಲ್ಲರೂ ಇವನ್ನ ಹೇಗೆ ಎಬ್ಬಿಸಿ ನಿಲ್ಲಿಸೋದು ಅಂತ ಒದ್ದಾಡ್ತಿದಾರೆ. ಜರಡಿ ಹಿಡೀತಾರೆ, ಅಂಟು ಬೆರೆಸ್ತಾರೆ."

"ನೀನೇನು ಮಾಡ್ತೀಯ?"

ಅವನು ಮೂಗು ಸೀನಿಕೊಂಡು, ಹೊರಗೆ ಬೀಳುತ್ತಿದ್ದ ಹಿಮ ನೋಡಿದ. "ಮಲಗಿರಲಿ ಬಿಡಕ್ಕ," ಎಂದ. "ಎಷ್ಟು ಮಲಗಿವೆ, ಎಷ್ಟು ವಾಲಿವೆ ಅನ್ನೋದನ್ನೂ ಲೆಕ್ಕದೊಳಗೇ ಸೇರಿಸಿಬಿಟ್ರೆ? ಎಬ್ಬಿಸೋದೇ ಬೇಡವಲ್ಲ." ಹಾಗೆಂದವನು ಚಹಾ ಆರುತ್ತಿದ್ದರೂ ಮುಟ್ಟದೆ, ಆ ಬಿಳಿ ಪುಡಿಯನ್ನೇ ನೋಡುತ್ತ ಕೂತ. ಅವಳಿಗೆ ಅದರ ಗಣಿತ ಯಾವತ್ತೂ ಅರ್ಥವಾಗಲಿಲ್ಲ. ಆದರೆ ಅದು ಹುಟ್ಟಿದ್ದು ತನ್ನ ಮೇಜಿನ ಮೇಲೆ, ತನ್ನ ಏಪ್ರನ್ನಿನ ಪುಡಿಯಿಂದ ಎಂಬುದಷ್ಟು ಗೊತ್ತಿತ್ತು.

ಮುಂದಿನ ವರ್ಷ ಅವನಿಗೆ ಮೆದುಳು ಜ್ವರ ಬಂತು. ದ್ರಾಹಾ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನು ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಇಪ್ಪತ್ತೇಳು ವಯಸ್ಸು. ಮಣ್ಣು ಮಾಡುವಾಗ ತಂದೆಗಿಂತ ಹೆಚ್ಚು ಅತ್ತವರು ಬೇಮ್. ಕೆಲವು ತಿಂಗಳ ಮೇಲೆ ಅಚ್ಚಾದ ಲೇಖನ ಹಿಡಿದು ಊರಿಗೆ ಬಂದರು. ಮೊದಲು ಲುಬೋರನ ಹೆಸರು, ಅದರ ಪಕ್ಕದಲ್ಲಿ ತೀರಿಕೊಂಡವರಿಗೆ ಹಾಕುವ ಸಣ್ಣ ಶಿಲುಬೆ. ಆಮೇಲೆ ಅವರ ಹೆಸರು.

"ಇನ್ನು ಮೇಲೆ ಈ ವಿಧಾನಕ್ಕೆ ರ್ಝೆರ್ಝಿಖಾ–ಬೇಮ್ ಅಂತಲೇ ಹೆಸರು, ದ್ರಾಹಾ ಅವರೇ," ಎಂದಿದ್ದರು. "ಅವನದು ಮೊದಲು."

ಆಮೇಲೂ ವರ್ಷಕ್ಕೊಮ್ಮೆ ಬರುತ್ತಿದ್ದರು. ದ್ರಾಹಾ ಬಾತುಕೋಳಿ ಬೇಯಿಸುತ್ತಿದ್ದಳು, ಇಬ್ಬರೂ ಲುಬೋರನ ಮಾತಾಡುತ್ತಿದ್ದರು. "ವಿಧಾನ ಹೇಗಿದೆ?" ಎಂದು ಅವಳು ಕೇಳುವಳು, ಊರಲ್ಲಿಲ್ಲದ ಮಗನನ್ನು ವಿಚಾರಿಸುವ ಹಾಗೆ. "ಚೆನ್ನಾಗಿದೆ. ಜಪಾನಿಗೂ ಹೋಗಿದೆ ಈಗ," ಎನ್ನುವರು ಅವರು. ಅದು ಸುಳ್ಳಾಗಿರಲಿಲ್ಲ. ಯಾವ ಹೆಸರಿನಲ್ಲಿ ಹೋಗಿದೆ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಅವಳಿಗಂತೂ ತನ್ನ ಹೆಸರು ಎಲ್ಲಾದರೂ ಇರಬೇಕೆಂದು ಅನ್ನಿಸಿದ್ದೇ ಇಲ್ಲ. ಆಯುಷ್ಯವಿಡೀ ಬಣ್ಣ ಹಚ್ಚಿದ ತಟ್ಟೆಗಳ ತಳದಲ್ಲಿ ಒಂದು ಅಂಕಿ ಬಿಟ್ಟರೆ ಬೇರೆ ಗುರುತಿರಲಿಲ್ಲ. ತಟ್ಟೆಗೆ ಯಾಕೆ ಬೇಕು ಹೆಸರು. ಆದರೆ ಲುಬೋರನಿಗೆ ಬೇಕಿತ್ತು. ಅವನ ಹಿಂದೆ ಹೆಂಡತಿಯಿಲ್ಲ, ಮಕ್ಕಳಿಲ್ಲ.

ಕಾಫಿಯ ನಂತರದ ಮೊದಲ ಭಾಷಣ ಬೇಮ್ ಅವರದೇ. ಎಪ್ಪತ್ತು ದಾಟಿದ್ದರು, ಕೋಲೂರಿಕೊಂಡು ವೇದಿಕೆ ಹತ್ತಿದರು. ಮೊದಲ ಚಿತ್ರವಾಗಿ ಗೋಡೆಯ ಮೇಲೆ ಮೂಡಿದ್ದು ಲುಬೋರನ ಮುಖ. ಉಣ್ಣೆಯ ಟೋಪಿ, ಚಳಿಗೆ ಕೆಂಪಾದ ಮೂಗು, ಯಾರೋ ಏನೋ ಅಂದದ್ದಕ್ಕೆ ಉತ್ತರ ಕೊಡಲು ಬಾಯಿ ತೆರೆದಿದ್ದ. ಮನುಷ್ಯನಷ್ಟೆತ್ತರಕ್ಕೆ ಆ ಮುಖ ಕಂಡ ಕೂಡಲೇ ದ್ರಾಹಾ ಬೆಂಚಿನ ಅಂಚಿಗೆ ಸರಿದಳು. ಆ ಟೋಪಿ ಅವಳು ಹೆಣೆದದ್ದು.

ಬೇಮ್ ಇಂಗ್ಲಿಷಿನಲ್ಲಿ ಮಾತಾಡಿದರು. ಯಿತ್ಕಾ ಒಂದೊಂದೇ ವಾಕ್ಯ ಹೇಳತೊಡಗಿದಳು.

"ಈ ವಿಧಾನ ನನ್ನದಲ್ಲ ಅಂತಿದಾರೆ. ಇದನ್ನ ಯೋಚಿಸಿದವನು ಲುಬೋರ್..." ಅವಳು ನಿಂತಳು. ದ್ರಾಹಾಳ ಬಿಲ್ಲೆ ನೋಡಿದಳು, ಗೋಡೆಯ ಮೇಲಿನ ಮುಖ ನೋಡಿದಳು. "ಲುಬೋರ್ ರ್ಝೆರ್ಝಿಖಾ. ನನ್ನ ವಿದ್ಯಾರ್ಥಿ. ನಾನು ಗಣಿತದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದೆ, ಅಷ್ಟೇ ನಂದು. ಹೋದಲ್ಲೆಲ್ಲ ಇದನ್ನ ಹೇಳ್ತಾ ಬಂದಿದೀನಿ. ಇವತ್ತೂ ಕೇಳ್ಕೋತೀನಿ. ದಯವಿಟ್ಟು ಅವನ ಹೆಸರನ್ನೂ ಹೇಳಿ."

ಆಮೇಲೆ ಅವರು ದ್ರಾಹಾಳ ಕಡೆ ಕೈ ತೋರಿಸಿದರು. ಇಡೀ ಸಭೆ ತಿರುಗಿತು. ಒಬ್ಬರು ಎದ್ದರು, ಇಬ್ಬರು ಎದ್ದರು, ನೋಡನೋಡುತ್ತ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದ್ರಾಹಾಳೂ ಎದ್ದಳು. ಡಬ್ಬಿಯನ್ನು ಎದೆಗವಚಿಕೊಂಡು ತಲೆಬಾಗಿದಳು. ಮುಂದಿನ ಸಾಲಿನ ಸ್ಪೇನಿನ ಹೆಂಗಸೊಬ್ಬಳು ತಿರುಗಿ ಅವಳ ಕೈ ಹಿಡಿದುಕೊಂಡು ಏನೋ ಹೇಳಿದಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಇನ್ನು ಸರಿಹೋಯಿತು, ಇಷ್ಟು ಜನ ಕೇಳಿದರಲ್ಲ, ಎಂದುಕೊಂಡಳು ದ್ರಾಹಾ.

ಮುಂದೆ ಮಾತಾಡಲು ಎದ್ದವಳು ಆ ಸ್ಪೇನಿನ ಹೆಂಗಸೇ. ಕಣ್ಣೊರೆಸಿಕೊಂಡು ಮೈಕ್ ಮುಂದೆ ನಿಂತು ಪ್ರೊಫೆಸರಿಗೆ ತಲೆಬಾಗಿದಳು. ಔಷಧಿಯ ಪುಡಿಗಳ ಕುರಿತು ಅವಳ ಕೆಲಸ. ಚಿತ್ರ ಬದಲಾಯಿತು, ಏರಿಳಿಯುವ ಗೆರೆಗಳು ಬಂದವು. ಅವಳು ಸರಾಗವಾಗಿ ಮಾತಾಡುತ್ತಿದ್ದಳು. ಆ ಮಾತಿನ ನಡುವೆ ದ್ರಾಹಾಳಿಗೆ ಗುರುತು ಸಿಕ್ಕುವ ಒಂದೇ ಒಂದು ಶಬ್ದ ಬಂತು. ಬೇಮ್. ಸ್ವಲ್ಪ ಹೊತ್ತಿಗೆ ಮತ್ತೆ, ಬೇಮ್. ಆ ಹೆಂಗಸಿಗೆ ತಾನು ಏನು ಹೇಳುತ್ತಿದ್ದೇನೆಂಬ ಅರಿವೇ ಇರಲಿಲ್ಲ. ಸಭೆಯಲ್ಲೂ ಯಾರೂ ತಲೆಯೆತ್ತಲಿಲ್ಲ. ಉಪ್ಪಿಗೆ ಉಪ್ಪು ಅಂದಷ್ಟೇ ಸಲೀಸಾಗಿ ಅಂದಿದ್ದಳು.

ಯಿತ್ಕಾ ಅನುವಾದ ನಿಲ್ಲಿಸಿದ್ದಳು.

"ಹೇಳಮ್ಮ."

"ಔಷಧಿ ವಿಷಯ... ಅದು..."

"ಇರಲಿ ಬಿಡು. ನಂಗೆ ಗೊತ್ತಾಯ್ತು."

ಊಟದ ಕೋಣೆಯಲ್ಲಿ ಬೇಮ್ ತಾವೇ ಬಂದು ಅವಳ ಎದುರಿಗೆ ಕೂತರು. ತಟ್ಟೆಯಲ್ಲಿ ಗೋಮಾಂಸ, ಗಟ್ಟಿ ಸಾರು, ಹೋಳು ಮಾಡಿದ ಹಿಟ್ಟಿನ ಕಡುಬು. ಯಿತ್ಕಾ ಬೇರೆ ಮೇಜಿಗೆ ಹೋಗಲು ಎದ್ದಳು. ದ್ರಾಹಾ ಅವಳ ತೋಳು ಹಿಡಿದು ಕೂರಿಸಿದಳು. ಪ್ರೊಫೆಸರು ಮೊದಲ ತುತ್ತು ಬಾಯಿಗಿಡದೆ ಮುಳ್ಳುಚಮಚ ಆಡಿಸುತ್ತ ಕೂತರು.

"ಬೇಜಾರಾಯ್ತೇನೋ ನಿಮಗೆ," ಎಂದರು.

"ಫೋಟೋ ಚೆನ್ನಾಗಿತ್ತು."

"ಹೊರಗಿನವರಿಗೆ ಆ ಹೆಸರು ಹೇಳೋಕೆ ಬರಲ್ಲ, ದ್ರಾಹಾ ಅವರೇ. ನಾಲಿಗೆ ಹೊರಳಲ್ಲ. ಒಂದು ಸಲ ಪ್ರಯತ್ನ ಮಾಡ್ತಾರೆ, ನಗ್ತಾರೆ, ಕ್ಷಮಿಸಿ ಅಂತಾರೆ, ಆಮೇಲೆ ನನ್ನ ಹೆಸರು ಹಿಡ್ಕೋತಾರೆ. ನಂದು ಚಿಕ್ಕದು ನೋಡಿ."

"ಹೊರಳಲ್ಲ, ನಿಜ. ಅವನಿಗೇ ಹೊರಳಿಸೋಕೆ ನಂಗೆ ಎಷ್ಟು ದಿನ ಹಿಡೀತು." ದ್ರಾಹಾ ಕಡುಬನ್ನು ಸಾರಿನಲ್ಲಿ ಅದ್ದಿದಳು. "ಈ ಹುಡುಗಿಗೆ ಹೊರಳತ್ತೆ. ಇವಳಿಗೂ ಗೊತ್ತಿರಲಿಲ್ಲ."

ಯಿತ್ಕಾ ತಲೆ ತಗ್ಗಿಸಿದಳು. ಸುತ್ತಲೂ ತಟ್ಟೆ ಚಮಚಗಳ ಸದ್ದು, ನಗು, ಹತ್ತು ಭಾಷೆಗಳ ಮಾತು. ಯಾರೋ ಹಿಂದಿನಿಂದ ಬಂದು ಪ್ರೊಫೆಸರ ಭುಜ ತಟ್ಟಿ ಹೋದರು.

"ಒಂದು ಕೇಳ್ಲಾ, ಪ್ರೊಫೆಸರೇ?"

"ಕೇಳಿ."

"ಆ ಪ್ರೋಗ್ರಾಮಲ್ಲಿ ಮೂರೇ ಅಕ್ಷರ ಹಿಡೀತಿತ್ತಂತೆ. ಇವಳು ಹೇಳಿದ್ಲು. ಮೂರೇ ಅಂದ್ರೆ ಮೂರೇ ಇರಲಿ. ಲುಬ್ ಅಂತ ಹಾಕಬಹುದಿತ್ತಲ್ಲ? ಲುಬೋರ್‌ನ ಲುಬ್. ಅದನ್ನ ಯಾರು ಬೇಕಾದ್ರೂ ಹೇಳಬಹುದು. ಮಗು ಕೂಡ ಹೇಳತ್ತೆ."

ಬೇಮ್ ಮುಳ್ಳುಚಮಚ ಕೆಳಗಿಟ್ಟರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಕಣ್ಣು ಸಣ್ಣದಾಗಿ, ಮಗುವಿನದರಂತೆ ಕಾಣುತ್ತಿತ್ತು. ಅವರು ಯೋಚಿಸುತ್ತಿದ್ದರು, ನೆಪ ಹುಡುಕುತ್ತಿದ್ದಂತಿರಲಿಲ್ಲ, ಆ ಹಳೆಯ ದಿನಕ್ಕೆ ಹೋಗಿ ಆ ಮೇಜಿನ ಮುಂದೆ ಕೂತು ನೋಡುತ್ತಿದ್ದಂತಿತ್ತು. ಕೊನೆಗೆ ತೀರ ಸಣ್ಣ ದನಿಯಲ್ಲಿ ಹೇಳಿದರು.

"ಹೊಳೀಲಿಲ್ಲ."

ದ್ರಾಹಾ ಬೇಮ್ ಅವರ ಮುಖವನ್ನೇ ನೋಡಿದಳು.

"ಹೊಳೀಲೇ ಇಲ್ಲ, ದ್ರಾಹಾ ಅವರೇ. ಜಾಗ ಇತ್ತು, ನನ್ನ ಹೆಸರು ಬರೆದೆ. ಈಗ ನೀವು ಹೇಳಿದ ಮೇಲೇ..."

ಬೆಳಗಿನಿಂದ ಅವಳು ಬೇರೆ ಬೇರೆ ಉತ್ತರಗಳಿಗೆ ತಯಾರಾಗಿದ್ದಳು. ಆಸೆಯಾಯಿತು ಅಂದಿದ್ದರೆ ಬೈಯಬಹುದಿತ್ತು. ಮೇಲಿನವರು ಒಪ್ಪಲಿಲ್ಲ ಅಂದಿದ್ದರೆ ಮೇಲಿನವರನ್ನು ಬೈಯಬಹುದಿತ್ತು. ಇದು ನಿಜವಾಗಿತ್ತು, ನಿಜವೆಂದು ಅವರ ಮುಖವೇ ಹೇಳುತ್ತಿತ್ತು. ಲುಬೋರನ ಸಮಾಧಿಯ ಮೇಲೆ ಹುಲ್ಲು ಸರಿಯಾಗಿ ಹತ್ತುವ ಮೊದಲೇ, ಅವನನ್ನು ಅಷ್ಟು ಹಚ್ಚಿಕೊಂಡಿದ್ದ ಮನುಷ್ಯ ಅವನದೇ ಕೆಲಸವನ್ನು ಮುಂದೆ ಇಟ್ಟುಕೊಂಡು ಕೂತಿದ್ದರು, ಮೂರಕ್ಷರ ಬರೆಯಬೇಕಿತ್ತು, ಅವನ ನೆನಪಾಗಿರಲಿಲ್ಲ. ತನಗೆ ಸಿಟ್ಟು ಬರಲಿ ಎಂದು ಅವಳು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

"ಊಟ ಮಾಡಿ," ಎಂದಳು. "ಆರಿಹೋಗತ್ತೆ."

ಸಂಜೆಯ ಔತಣಕ್ಕೆ ಅವಳು ನಿಲ್ಲಲಿಲ್ಲ. ಕೊನೆಯ ಬಸ್ಸು ತಪ್ಪಿದರೆ ಕಷ್ಟ ಎಂದು ಹೇಳಿದಳು; ಕೊನೆಯ ಬಸ್ಸಿಗೆ ನಿಜವಾಗಿ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬೇಮ್ ಬಾಗಿಲವರೆಗೆ ಬಂದರು. ಇಬ್ಬರೂ ಕೈ ಕುಲುಕಿದರು. ಬರ್ತೀನಿ ಅಂತಾಗಲಿ ಬನ್ನಿ ಅಂತಾಗಲಿ ಯಾರೂ ಅನ್ನಲಿಲ್ಲ. ಯಿತ್ಕಾ ಅವಳ ಚೀಲ ಹಿಡಿದುಕೊಂಡು ಬಸ್ ನಿಲ್ದಾಣಕ್ಕೆ ಜೊತೆಗೆ ಬಂದಳು. ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಹುಡುಗಿಯೇ ಬಾಯಿಬಿಟ್ಟಳು.

"ಬೆಳಿಗ್ಗೆ ನಾನು ನಕ್ಕಿದ್ದು... ನಂಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದೆ ನಕ್ಕಿದ್ದಕ್ಕೆ ಏನಿದೆ."

"ನನ್ನ ಪ್ರಬಂಧದಲ್ಲಿ ಎರಡೂ ಹೆಸರು ಬರೀತೀನಿ. ಎಲ್ಲ ಕಡೆಯೂ."

"ಬರಿ." ದ್ರಾಹಾ ಡಬ್ಬಿ ತೆರೆದು ಅವಳ ಮುಂದೆ ಹಿಡಿದಳು. ಯಾರಿಗೂ ಕೊಡಲು ಆಗಿರಲಿಲ್ಲ. ಬನ್ನುಗಳೆಲ್ಲ ಹಾಗೇ ಇದ್ದವು. "ಓದಿದವರು ಯಾರಿದು ಅಂತ ಕೇಳಿದ್ರೆ ಏನು ಹೇಳ್ತೀಯ?"

ಹುಡುಗಿ ಕಚ್ಚಿದ ಬನ್ನನ್ನು ಕೆಳಗಿಳಿಸಿ ಅವಳತ್ತ ತಿರುಗಿದಳು.

ದ್ರಾಹಾ ಹೇಳಿದಳು. ಲುಬೋರ್ ಹೊಸ ಬೂಟು ಸವೆಯುತ್ತದೆಂದು ಬೇಸಿಗೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದದ್ದನ್ನು ಹೇಳಿದಳು. ಓಹ್ರ್ಝೆ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದರೂ ಈಜಲು ಹೆದರುತ್ತಿದ್ದದ್ದನ್ನು, ಹಾಡಲು ಬಾರದಿದ್ದರೂ ಬಿಡದೆ ಹಾಡುತ್ತಿದ್ದದ್ದನ್ನು, ಅಪ್ಪನ ಜೊತೆ ಜಗಳವಾಡಿ ಕೋಳಿಗೂಡಿನಲ್ಲಿ ಮಲಗಿದ್ದದ್ದನ್ನು ಹೇಳಿದಳು. "ಒಂದು ಹುಡುಗಿ ಇದ್ಲು, ಔಷಧಿ ಅಂಗಡೀಲಿ. ನನಗೆ ಹೇಳ್ಲಿಲ್ಲ ಅವನು. ಮೈ ಹುಷಾರಿಲ್ಲ ಅಂತ ವಾರಕ್ಕೆರಡು ಸಲ ಅಂಗಡಿಗೆ ಹೋಗ್ತಿದ್ದ, ಗುಂಡುಕಲ್ಲಿನ ಹಾಗಿದ್ದವನು." ಯಿತ್ಕಾ ನಕ್ಕಳು, ಈ ಸಲ ಕಣ್ಣು ತುಂಬಿಕೊಂಡು. ಇನ್ನೂ ಹೇಳುವುದಿತ್ತು. ಬಸ್ಸು ಬಂದುಬಿಟ್ಟಿತು.

ಬಸ್ಸು ಊರು ದಾಟಿ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ತೋಟಗಳ ನಡುವೆ ಹೋಗುತ್ತಿತ್ತು. ಕೊಯ್ಲು ಮುಗಿದು ಎತ್ತರದ ಕಂಬಗಳು, ತಂತಿಗಳು ಮಾತ್ರ ಉಳಿದಿದ್ದವು. ಇಷ್ಟು ವರ್ಷ ದ್ರಾಹಾಳಿಗೆ ಒಂದು ಅಭ್ಯಾಸವಿತ್ತು. ಬಣ್ಣದ ಕುಂಚ ತೊಳೆಯುವಾಗ, ಹಾಲಿಗೆ ಸಾಲಿನಲ್ಲಿ ನಿಂತಾಗ, ಅಪ್ಪನನ್ನು ಮಣ್ಣು ಮಾಡಿ ಖಾಲಿ ಮನೆಗೆ ಬಂದು ಕೋಟು ಬಿಚ್ಚುವಾಗ, ಈಗ ಎಲ್ಲೋ ಒಂದು ಕಡೆ, ಜಪಾನಿನಲ್ಲೋ ಇನ್ನೆಲ್ಲೋ, ಯಾರೋ ಅವನ ಹೆಸರು ಹೇಳುತ್ತಿದ್ದಾರೆ ಎಂದುಕೊಳ್ಳುವುದು. ಅವರ ಬಾಯಲ್ಲಿ ಅದು ಹೇಗೆ ಕೇಳುತ್ತದೋ ಎಂದು ತಾನೇ ಹೇಳಿ ನೋಡಿಕೊಂಡು ನಗುವುದೂ ಇತ್ತು. ಅಷ್ಟರಿಂದಲೇ ಎಷ್ಟೋ ದಿನಗಳನ್ನು ದೂಡಿದ್ದಳು. ಯಾರೂ ಹೇಳಿರಲಿಲ್ಲ. ಅವಳು ಕುಂಚ ತೊಳೆಯುತ್ತಿದ್ದಾಗಲೂ ಇಲ್ಲ, ಸಾಲಿನಲ್ಲಿ ನಿಂತಾಗಲೂ ಇಲ್ಲ. ಕಿಟಕಿಗೆ ಹಣೆಯೊತ್ತಿ ಅವಳು ಅತ್ತಳು. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ಒಂದು ಕರವಸ್ತ್ರ ಕೊಟ್ಟು ತನ್ನ ಪತ್ರಿಕೆಗೆ ಮರಳಿದಳು.

ಅಕ್ಟೋಬರ್ ಕಳೆಯಿತು. ಬೇಮ್ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಎರಡು ಸಲ ರಿಸೀವರ್ ಎತ್ತಿದ್ದಳು. ಲುಬೋರನನ್ನು ಹಚ್ಚಿಕೊಂಡಿದ್ದವರು, ಅವನ ಹೆಸರನ್ನು ಪೂರ್ತಿಯಾಗಿ ಹೇಳುವವರು ತನ್ನನ್ನು ಬಿಟ್ಟರೆ ಈ ಭೂಮಿಯ ಮೇಲೆ ಇನ್ನು ಅವರೊಬ್ಬರೇ ಎಂದು ಎರಡು ಸಲವೂ ಅನ್ನಿಸಿತ್ತು. ಎರಡು ಸಲವೂ ಇಟ್ಟುಬಿಟ್ಟಳು.

ನವೆಂಬರ್ ಮೊದಲಲ್ಲಿ, ಹಿರಿಯರಿಗೆ ದೀಪ ಹಚ್ಚುವ ದಿನ, ಸೇವಂತಿಗೆ ಹೂ ತೆಗೆದುಕೊಂಡು ದ್ರಾಹಾ ದಿಬ್ಬದ ಮೇಲಿನ ಸ್ಮಶಾನಕ್ಕೆ ಹೋದಳು. ಜೋರು ಗಾಳಿ. ಊರೆಲ್ಲ ಅಲ್ಲಿತ್ತು, ಕೆಂಪು ಗಾಜಿನೊಳಗೆ ದೀಪಗಳು, ಒದ್ದೆ ಎಲೆಗಳ ವಾಸನೆ. ನಲ್ಲಿಯ ಹತ್ತಿರ ಕ್ಯಾನಿಗೆ ನೀರು ಹಿಡಿಯುತ್ತಿದ್ದವಳು ತಲೆಯೆತ್ತಿದಾಗ ಲುಬೋರನ ಕಲ್ಲಿನ ಮುಂದೆ ಯಾರೋ ಮಂಡಿಯೂರಿದ್ದು ಕಂಡಿತು. ಕೋಲು ಪಕ್ಕದಲ್ಲಿ ಬಿದ್ದ ಎಲೆಗಳ ಮೇಲಿತ್ತು. ಟೋಪಿ ತೆಗೆದಿಟ್ಟಿದ್ದರು, ಉಳಿದ ನಾಲ್ಕು ಬಿಳಿಕೂದಲು ಗಾಳಿಗೆ ನಿಂತಿತ್ತು. ಅವರ ತುಟಿ ಅಲುಗುತ್ತಿತ್ತು. ಏನು ಹೇಳುತ್ತಿದ್ದಾರೆಂದು ಕೇಳಿಸುವಷ್ಟು ಹತ್ತಿರ ಅವಳು ಹೋಗಲಿಲ್ಲ. ಕ್ಯಾನು ತುಂಬಿ ನೀರು ಅವಳ ಬೂಟಿನ ಮೇಲೆ ಹರಿಯಿತು, ನಲ್ಲಿ ನಿಲ್ಲಿಸಿದಳು.

ಅವರು ಮೇಣದ ದೀಪ ಹಚ್ಚಲು ಕಡ್ಡಿ ಗೀರಿದರು. ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ದ್ರಾಹಾ ಕ್ಯಾನನ್ನು ಅಲ್ಲೇ ಇಟ್ಟು ನಡೆದುಹೋದಳು. ಗಾಳಿ ಬರುತ್ತಿದ್ದ ಕಡೆಗೆ ಬೆನ್ನು ಮಾಡಿ ನಿಂತು, ಕೋಟಿನ ಗುಂಡಿಗಳನ್ನು ಬಿಚ್ಚಿ, ಎರಡೂ ಅಂಚುಗಳನ್ನು ಅಗಲವಾಗಿ ಹಿಡಿದಳು. ಬೇಮ್ ತಲೆಯೆತ್ತಿ ನೋಡಲಿಲ್ಲ. ಆ ಕೋಟಿನ ಮರೆಯಲ್ಲಿ ಬಗ್ಗಿ ಮತ್ತೊಂದು ಕಡ್ಡಿ ಗೀರಿದರು. ಉರಿ ಒಮ್ಮೆ ಮಲಗಿ, ಎದ್ದು, ಬತ್ತಿಗೆ ಹತ್ತಿತು. ಅವರು ಗಾಜಿನ ಮುಚ್ಚಳ ಹಾಕಿದ ಮೇಲೂ ದ್ರಾಹಾ ಕೋಟು ಹಿಡಿದುಕೊಂಡೇ ನಿಂತಿದ್ದಳು.